ನಿಮ್ಮ ಕಾಂಟ್ಯಾಕ್ಟ್ ಲಿಸ್ಟ್‌ನಲ್ಲಿ ನಾನಿದ್ದೀನಿ

ಪವಾಯಿ, ಥಾಣೆ, ಐರೋಲಿ ಕಡೆಯಿಂದ ನಮ್ಮವರು ಇಷ್ಟು ಜನ ಬಂದಿದ್ದೀರಿ, ಖುಷಿಯಾಯ್ತು. ಮೊದಲೇ ಒಂದು ಪ್ರಶ್ನೆ: ನಿಮ್ಮ ಪಿಜಿ ಓನರ್ ನಿಮ್ಮ ನಂಬರನ್ನ ಏನಂತ ಸೇವ್ ಮಾಡಿಕೊಂಡಿದ್ದಾರೆ, ಗೊತ್ತಾ?

ನಮ್ಮ ಟೀಮ್‌ನಲ್ಲಿ ಹುಬ್ಬಳ್ಳಿಯ ಒಬ್ಬ ಹುಡುಗಿ ಇದ್ದಳು. ಊರಲ್ಲಿ ಒಬ್ಬ ಬೆನ್ನು ಬಿದ್ದಿದ್ದ. ಅವನ ಕಾಟ ತಪ್ಪಲಿ ಅಂತಲೇ ಮುಂಬೈಗೆ ಬಂದು ಹೊಸ ಸಿಮ್ ತಗೊಂಡಳು. ಎರಡು ತಿಂಗಳಾಗಿರಬೇಕು, ಒಂದು ಸಂಜೆ ಐರೋಲಿ ಸ್ಟೇಷನ್ ಹೊರಗೆ ಅವನೇ ನಿಂತಿದ್ದ.

ಹ್ಯಾಕಿಂಗ್ ಏನೂ ಮಾಡಿರಲಿಲ್ಲ. ಹೊಸ ನಂಬರ್ ಕಾಲೇಜಿನ ವಾಟ್ಸಾಪ್ ಗ್ರೂಪಿನಲ್ಲಿ ಸಿಕ್ಕಿತ್ತು. ಅದನ್ನ ನಂಬರ್ ಹಾಕಿದ್ರೆ ಹೆಸರು ತೋರಿಸೋ ಒಂದು ಆ್ಯಪ್‌ನಲ್ಲಿ ಹುಡುಕಿದ್ದ. ಬಂದಿದ್ದು ‘ಹುಬ್ಲಿ ಗರ್ಲ್ ಐರೋಲಿ ಪಿಜಿ’ ಅಂತ. ಓನರ್ ಸೇವ್ ಮಾಡಿದ್ದು ಹಾಗೆ. ಅವಳು ಆ ಆ್ಯಪ್ ಹಾಕಿಕೊಂಡೇ ಇರಲಿಲ್ಲ, ನೋಡಿ!

ಆ ರಾತ್ರಿ ಅವಳು ನಮ್ಮನೇಲೇ ಉಳಿದಳು. ಬೆಳಿಗ್ಗೆ ಠಾಣೆಗೆ ಹೋದ್ವಿ. ಹೀಗೆ ಹಿಂಬಾಲಿಸೋದು ಅಪರಾಧ, ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಂ. ತುರ್ತಿದ್ದರೆ 112.

ದಾಖಲೆಗಳು ಬೇರೆ ಕಡೆಯೂ ತೆರೆದಿವೆ. ಯಾವ ನಟ ಬಾಂದ್ರಾದಲ್ಲಿ ಎಷ್ಟು ಬಾಡಿಗೆಗೆ ಮನೆ ಹಿಡಿದ ಅಂತ ಪೇಪರಲ್ಲಿ ಬರುತ್ತಲ್ಲ? ಅದು ಲೀವ್ ಅಂಡ್ ಲೈಸೆನ್ಸ್ ನೋಂದಣಿಯಿಂದ ಬರೋದು. ನಾವು ಮಾಡಿಸೋದೂ ಅದನ್ನೇ. ಮತದಾರರ ಪಟ್ಟಿಯಲ್ಲಿ ಹೆಸರು, ವಯಸ್ಸು, ಮನೆ ನಂಬರ್ ಇರುತ್ತೆ. ಅವುಗಳನ್ನ ತೆರೆದಿಡೋಕೆ ಒಂದು ಕಾರಣವಿದೆ: ಮೋಸ ಹಿಡಿಯಬೇಕು. ಆದ್ರೆ ನಮ್ಮ ಕಾಂಟ್ಯಾಕ್ಟ್ ಲಿಸ್ಟ್ ತೆರೆದಿಡೋಕೆ ಏನು ಕಾರಣ?

ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದ್ದು 2017ರ ಆಗಸ್ಟ್ 24ರಂದು. ಆ ಕೇಸಿಗೆ ಹೆಸರು ಕೊಟ್ಟವರು ನಮ್ಮವರೇ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2012ರಲ್ಲಿ ಅರ್ಜಿ ಹಾಕಿದಾಗ ಅವರಿಗೆ ಎಂಬತ್ತು ದಾಟಿತ್ತು. ಅವರು ಕೇಳಿದ್ದು ಸರ್ಕಾರವನ್ನ. ನಮ್ಮನ್ನ ನಾವೇ ಕೇಳಿಕೊಳ್ಳಬೇಕಾದ್ದೂ ಇದೆ.

‘ಅಲೌ’ ಒತ್ತಿದಾಗ ನಾವು ಕೊಡೋದು ನಮ್ಮ ಮಾಹಿತಿಯನ್ನಲ್ಲ. ಅಮ್ಮನದು, ಮನೆಗೆಲಸದ ತಾಯಿಯದು, ಬಿಟ್ಟುಬಂದ ಊರಿನ ಗೆಳತಿಯದು. ಅವರನ್ನ ಕೇಳಿದ್ವಾ?

ಹಾಗಾಗಿ ಇವತ್ತು ರಾತ್ರಿ ಮೂರು ಕೆಲಸ ಮಾಡಿ. ಸೆಟ್ಟಿಂಗ್ಸ್‌ಗೆ ಹೋಗಿ ಯಾವ ಆ್ಯಪ್‌ಗೆ ಕಾಂಟ್ಯಾಕ್ಟ್ಸ್ ಕೊಟ್ಟಿದ್ದೀರಿ ನೋಡಿ, ಬೇಡವಾದ್ದನ್ನ ಆಫ್ ಮಾಡಿ. ಇಂಥ ಆ್ಯಪ್‌ಗಳಲ್ಲಿ ನಿಮ್ಮ ನಂಬರ್ ತೆಗೆಸೋ ದಾರಿ ಇದೆಯಾ ಹುಡುಕಿ. ಮತ್ತೆ, ಯಾರನ್ನೂ ವಿಳಾಸದ ಜೊತೆ ಸೇವ್ ಮಾಡಬೇಡಿ. ಬರೀ ಹೆಸರು ಸಾಕು.

ಆ ಹುಡುಗಿ ಈಗ ಬೇರೆ ಕಡೆ ಇದ್ದಾಳೆ. ನನ್ನ ಫೋನಲ್ಲಿ ಅವಳ ಹೆಸರು ಮಾತ್ರ ಇದೆ.