ಪದಗಳನ್ನು ತಳ್ಳುವ ಆಟ

(ಓದುಗರ ಬಳಗವೊಂದರ ವಾರಾಂತ್ಯದ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ವಿಡಿಯೊ ಗೇಮ್ ಕುರಿತು ಮಾತನಾಡುತ್ತೇನೆ ಎಂದಾಗ ನಿಮ್ಮ ಬಳಗದ ಹಿರಿಯರೊಬ್ಬರು, 'ಮಕ್ಕಳ ಕೈಯಿಂದ ಅದನ್ನು ಬಿಡಿಸುವುದು ಹೇಗೆಂದು ಹೇಳಿ, ಅಷ್ಟು ಸಾಕು' ಎಂದು ನಕ್ಕರು. ಅವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಗುಂಡು ಹಾರಿಸುವ, ಕಾರು ಓಡಿಸುವ ಆಟಗಳೇ ಎಲ್ಲರ ಕಣ್ಣಿಗೂ ಬೀಳುತ್ತವೆ. ನಾನು ಹೇಳಹೊರಟಿರುವುದು ಬೇರೆ ಬಗೆಯ ಆಟವೊಂದರ ವಿಷಯ. ಅದರಲ್ಲಿ ಗಡಿಯಾರದ ಗಡಿಬಿಡಿಯಿಲ್ಲ, ಅಂಕಗಳ ಲೆಕ್ಕವಿಲ್ಲ. ಇರುವುದು ಕೆಲವು ಪದಗಳು, ಅವುಗಳನ್ನು ತಳ್ಳಿಕೊಂಡು ತಿರುಗುವ ಒಂದು ಪುಟ್ಟ ಬಿಳಿ ಪ್ರಾಣಿ. ಈ ಆಟ ನನ್ನನ್ನು ಹಲವು ರಾತ್ರಿ ಕಾಡಿದೆ. ಒಮ್ಮೆ ನಾಚಿಕೆಪಡುವಂತೆಯೂ ಮಾಡಿದೆ.

ಆಟದ ಹೆಸರು 'ಬಾಬಾ ಈಸ್ ಯೂ'. ಇದನ್ನು ರಚಿಸಿದವರು ಫಿನ್ಲೆಂಡಿನ ಅರ್ವಿ ತೇಯ್ಕರಿ. ಕಡಿಮೆ ಅವಧಿಯಲ್ಲಿ ಆಟವೊಂದನ್ನು ಸಿದ್ಧಪಡಿಸುವ ಕೂಟಗಳು ಯುರೋಪಿನಲ್ಲಿ ನಡೆಯುತ್ತವೆ. ಅಂಥದೊಂದು, ನಾರ್ಡಿಕ್ ಗೇಮ್ ಜಾಮ್. 2017ರಲ್ಲಿ ಅಲ್ಲಿ ಕೊಟ್ಟ ವಿಷಯ 'ಅಲ್ಲಿಲ್ಲ' ಎಂಬುದು. ತೇಯ್ಕರಿ ಈ ಆಟದ ಕರಡು ರೂಪವನ್ನು ಅಲ್ಲಿ ಕಟ್ಟಿ ಮೊದಲ ಸ್ಥಾನ ಪಡೆದರು. 2018ರಲ್ಲಿ, ಆಟ ಇನ್ನೂ ಮಾರಾಟಕ್ಕೆ ಬರುವ ಮೊದಲೇ, ಸ್ವತಂತ್ರ ಆಟಗಳ ಉತ್ಸವದಲ್ಲಿ ಉತ್ತಮ ವಿನ್ಯಾಸ ಮತ್ತು ಉತ್ತಮ ವಿದ್ಯಾರ್ಥಿ ಆಟ ಎಂಬ ಎರಡು ಪ್ರಶಸ್ತಿ ಬಂದವು. ಪೂರ್ಣ ರೂಪ ಹೊರಬಂದದ್ದು 2019ರ ಮಾರ್ಚ್‌ನಲ್ಲಿ. ದೊಡ್ಡ ಕಂಪನಿಯ ಒಂದು ಆಟಕ್ಕೆ ನೂರಾರು ಜನ ದುಡಿಯುತ್ತಾರೆ. ಹೀಗೆ ಒಬ್ಬರೋ ಕೆಲವರೋ ಸೇರಿ ಕಟ್ಟುವ ಆಟಗಳನ್ನು 'ಇಂಡಿ' ಎಂದು ಕರೆಯುವುದು ರೂಢಿ.

ಇದರ ಹಿಂದೆ ಒಂದು ಪರಂಪರೆಯೂ ಇದೆ. 1981ರಲ್ಲಿ ಜಪಾನಿನ ಹಿರೊಯುಕಿ ಇಮಾಬಯಾಶಿ 'ಸೊಕೊಬಾನ್' ಎಂಬ ಆಟ ರಚಿಸಿದರು. ಸೊಕೊಬಾನ್ ಎಂದರೆ ಉಗ್ರಾಣದ ಕಾವಲುಗಾರ. ಪೆಟ್ಟಿಗೆಗಳನ್ನು ತಳ್ಳಿ ಗುರುತಿನ ಜಾಗಕ್ಕೆ ಸೇರಿಸುವುದು ಅವನ ಕೆಲಸ. ತಳ್ಳಬಹುದು, ಎಳೆಯುವಂತಿಲ್ಲ. ಪೆಟ್ಟಿಗೆ ಮೂಲೆಗೆ ಸೇರಿತೆಂದರೆ ಮುಗಿಯಿತು, ಅದು ಅಲ್ಲಿಂದ ಬರುವುದಿಲ್ಲ. ತೇಯ್ಕರಿ ಈ ತಳ್ಳುವಿಕೆಯನ್ನೇ ಉಳಿಸಿಕೊಂಡು ಪೆಟ್ಟಿಗೆಗಳ ಜಾಗದಲ್ಲಿ ಪದಗಳನ್ನಿಟ್ಟರು.

ಮೊದಲ ಹಂತವನ್ನು ಕಣ್ಣ ಮುಂದೆ ತಂದುಕೊಳ್ಳಿ. ಪರದೆಯ ಮೇಲೆ ಎರಡು ಗೋಡೆ, ನಡುವೆ ಬಾಬಾ ಎಂಬ ಪ್ರಾಣಿ, ಕೆಲವು ಬಂಡೆಗಳು, ಆಚೆ ಬದಿಗೆ ಒಂದು ಬಾವುಟ. ಸುತ್ತಲೂ ಇಂಗ್ಲಿಷ್ ಪದಗಳ ಬಿಲ್ಲೆಗಳು. ಅವುಗಳನ್ನು ಕೂಡಿಸಿ ಓದಿದರೆ ನಾಲ್ಕು ವಾಕ್ಯಗಳು: 'ಬಾಬಾ ಈಸ್ ಯೂ', 'ವಾಲ್ ಈಸ್ ಸ್ಟಾಪ್', 'ರಾಕ್ ಈಸ್ ಪುಶ್', 'ಫ್ಲಾಗ್ ಈಸ್ ವಿನ್'. ಅಂದರೆ ಬಾಬಾ ನೀನು, ಗೋಡೆ ತಡೆ, ಬಂಡೆ ತಳ್ಳುವಂಥದ್ದು, ಬಾವುಟ ಗೆಲುವು. ಬಂಡೆ ತಳ್ಳಿ ಬಾವುಟ ಮುಟ್ಟಿದರೆ ಗೆದ್ದಂತೆ. ಇಷ್ಟೇ ಆಗಿದ್ದರೆ ಈ ಭಾಷಣದ ಅಗತ್ಯವಿರಲಿಲ್ಲ.

ಸೋಜಿಗವೆಂದರೆ ಆ ಬಿಲ್ಲೆಗಳನ್ನೂ ತಳ್ಳಬಹುದು. 'ವಾಲ್ ಈಸ್ ಸ್ಟಾಪ್' ಎಂಬಲ್ಲಿಂದ ಒಂದು ಪದವನ್ನು ಸರಿಸಿದರೆ ವಾಕ್ಯ ಮುರಿಯುತ್ತದೆ, ಆ ಕ್ಷಣದಿಂದ ಗೋಡೆ ತಡೆಯುವುದಿಲ್ಲ. ಬಾಬಾ ಅದರ ಮೇಲೆಯೇ ನಡೆದುಹೋಗುತ್ತದೆ. 'ಬಾಬಾ' ಎಂಬ ಬಿಲ್ಲೆಯ ಜಾಗದಲ್ಲಿ 'ರಾಕ್' ತಂದಿಟ್ಟರೆ ನೀವೇ ಬಂಡೆ, ಪರದೆಯ ಎಲ್ಲ ಬಂಡೆಗಳೂ ಒಟ್ಟಿಗೆ ನಡೆಯತೊಡಗುತ್ತವೆ. ಬಾವುಟದ ತನಕ ಹೋಗಲಾಗದಿದ್ದರೆ ಗೋಡೆಯನ್ನೇ ಗೆಲುವಾಗಿಸಬಹುದು. 'ಬಾಬಾ ಈಸ್ ಯೂ' ಎಂಬುದನ್ನೇ ಮುರಿದು ಬೇರೇನೂ ಕೂಡಿಸದಿದ್ದರೆ? ಆಗ ಪರದೆಯಲ್ಲಿ 'ನೀವು' ಯಾರೂ ಅಲ್ಲ. ಸಂಗೀತ ಅಡಗುತ್ತದೆ, ಒತ್ತಿದ ಕೀಲಿಗೆ ಓಗೊಡುವವರಿಲ್ಲ. ಮೊದಲ ಸಲ ಹಾಗಾದಾಗ ನನಗೆ ನಿಜಕ್ಕೂ ಅಳುಕಾಯಿತು.

ಕನ್ನಡದವರಿಗೆ ಇಲ್ಲಿ ಒಂದು ಸ್ವಾರಸ್ಯವಿದೆ. 'ಬಾಬಾ ನೀನು', 'ಇದು ಕಲ್ಲು', 'ಅವಳು ವೈದ್ಯೆ' ಎನ್ನುವಾಗ ನಮ್ಮ ಮಾತಿನಲ್ಲಿ ನಡುವೆ ಕ್ರಿಯಾಪದ ಬೇಕಾಗುವುದಿಲ್ಲ. ಆಟದಲ್ಲಾದರೋ 'ಈಸ್' ಎಂಬುದು ಕೈಯಿಂದ ತಳ್ಳಬಹುದಾದ ಒಂದು ವಸ್ತು, ಎಲ್ಲ ನಿಯಮಗಳ ಕೀಲು ಅದೇ. ಮೊದಮೊದಲು ನಾನು ಹೆಸರುಗಳನ್ನೇ ನೋಡುತ್ತ ಈ ಕೀಲನ್ನು ಮರೆಯುತ್ತಿದ್ದೆ. ಅದನ್ನು ಕಿತ್ತು ಇನ್ನೊಂದೆಡೆಗೆ ಒಯ್ಯಬಹುದೆಂದು ಹೊಳೆದಾಗ ಎಷ್ಟೋ ಬಾಗಿಲು ತೆರೆದವು.

ಹೆಸರಿನ ಹಿಂದೆಯೂ ಭಾಷೆಯ ಕಥೆಯಿದೆ. ಉಬ್ಬಿದ ದುಂಡನೆಯ ಆಕೃತಿ ಮತ್ತು ಚೂಪು ಮೂಲೆಗಳ ಆಕೃತಿ ತೋರಿಸಿ, 'ಇವುಗಳಲ್ಲಿ ಬೂಬಾ ಯಾವುದು, ಕಿಕಿ ಯಾವುದು?' ಎಂದು ಕೇಳಿದರೆ ಬಹುತೇಕರು ದುಂಡನೆಯದನ್ನು ಬೂಬಾ ಎನ್ನುತ್ತಾರೆ. ವಿ.ಎಸ್. ರಾಮಚಂದ್ರನ್ ಮತ್ತು ಎಡ್ವರ್ಡ್ ಹಬ್ಬರ್ಡ್ 2001ರ ತಮ್ಮ ಲೇಖನದಲ್ಲಿ ಅಮೆರಿಕದ ವಿದ್ಯಾರ್ಥಿಗಳ ಜೊತೆಗೆ ಭಾರತದ ತಮಿಳು ಭಾಷಿಕರನ್ನೂ ಪ್ರಸ್ತಾಪಿಸಿದ್ದಾರೆ. ಬಾಬಾ, ಅದರ ಜೊತೆಗಾರ ಕೆಕೆ, ಈ ಹೆಸರುಗಳಿಗೆ ಪ್ರೇರಣೆ ಅದೇ ಪ್ರಯೋಗ.

ಇನ್ನು ಕಿರಿಕಿರಿಯ ವಿಷಯ. ಆಟದಲ್ಲಿ 200ಕ್ಕೂ ಹೆಚ್ಚು ಹಂತಗಳಿವೆ. ಮೊದಲ ಕೆಲವು ಮುದ್ದು ಮಾಡುತ್ತವೆ, ಆಮೇಲೆ ಏರು ಬಲು ಕಡಿದು. 'ಮತ್ತು', 'ಅಲ್ಲ' ಎಂಬಂಥ ಪದಗಳು ಬಂದು ಸೇರಿದಂತೆ ವಾಕ್ಯಗಳು ಗೋಜಲಾಗುತ್ತವೆ. ಸುಳಿವು ಕೊಡುವ ಏರ್ಪಾಡು ಆಟದೊಳಗಿಲ್ಲ. ಕೆಲವೊಮ್ಮೆ ಉಪಾಯ ತಿಳಿದಿದ್ದರೂ ಬಿಲ್ಲೆಗಳನ್ನು ಸರಿಯಾದ ಕ್ರಮದಲ್ಲಿ ತಳ್ಳುವುದೇ ದೊಡ್ಡ ಬೇಸರ. ಒಂದು ಮನೆ ತಪ್ಪಿ ಅಂಚಿಗೆ ಒತ್ತಿದರೆ ಆ ಬಿಲ್ಲೆಯನ್ನು ಅಂಚಿನಿಂದ ಬಿಡಿಸಲಾಗುವುದಿಲ್ಲ. ಬೇಕಾದಷ್ಟು ಹೆಜ್ಜೆ ಹಿಂದೆ ಹೋಗುವ ಸೌಲಭ್ಯವಿದೆ, ಒಂದು ಹಂತ ಬಿಟ್ಟು ಅಕ್ಕಪಕ್ಕದ್ದನ್ನು ಬಿಡಿಸುವ ಅವಕಾಶವೂ ಇದೆ. ಇಷ್ಟಾದರೂ ನಡುವೆಯೇ ಕೈಬಿಟ್ಟವರನ್ನು ನಾನು ದಡ್ಡರು ಎನ್ನಲಾರೆ.

ನಾನೂ ಒಂದು ಹಂತದಲ್ಲಿ ವಾರಕ್ಕೂ ಮಿಕ್ಕಿ ಸಿಕ್ಕಿಕೊಂಡೆ. ವರದಿ ಬರೆದು ಮುಗಿಸಿ ಮನೆಗೆ ಬಂದು, ಊಟವಾದ ಮೇಲೆ ಅದನ್ನೇ ನೋಡುತ್ತ ಕೂರುವುದು. ಕೊನೆಗೆ ಸೋತು ಇಂಟರ್‌ನೆಟ್ಟಿನಲ್ಲಿ ಉತ್ತರ ನೋಡಿಬಿಟ್ಟೆ. ಎರಡು ನಿಮಿಷವೂ ಹಿಡಿಯಲಿಲ್ಲ. ಅದರಲ್ಲಿ ಹೊಸದೇನೂ ಇರಲಿಲ್ಲ. ಪರದೆಯ ಮೇಲಿದ್ದ ಒಂದು ವಾಕ್ಯವನ್ನು ಮುರಿಯಬಹುದು ಎಂದು ನಾನು ಯೋಚಿಸಿಯೇ ಇರಲಿಲ್ಲ, ಅಷ್ಟೆ. ಮುರಿಯಬಾರದೆಂದು ಆಟ ಹೇಳಿರಲಿಲ್ಲ. ಹಾಗೆಂದುಕೊಂಡವಳು ನಾನೇ.

ಅದಕ್ಕಿಂತ ದೊಡ್ಡ ಶಿಕ್ಷೆ ಆಮೇಲೆ ಬಂತು. ಮುಂದೆ ಬಂದ ಒಂದು ಹಂತಕ್ಕೆ ಅದೇ ಉಪಾಯ ಸ್ವಲ್ಪ ವೇಷ ಬದಲಿಸಿ ಬೇಕಾಯಿತು. ಉತ್ತರ ನೋಡಿದ್ದೆನೇ ಹೊರತು ಉಪಾಯ ಕಲಿತಿರಲಿಲ್ಲ. ಮತ್ತೆ ಸಿಕ್ಕಿಕೊಂಡೆ. ಒಗಟನ್ನು ಒಬ್ಬರು ಒಂದೇ ಸಲ ಬಿಡಿಸಲು ಸಾಧ್ಯ. ಆ ಒಂದು ಸಲವನ್ನು ನಾನು ಎರಡು ನಿಮಿಷಕ್ಕೆ ಮಾರಿಕೊಂಡಿದ್ದೆ.

ಈ ಆಟದ ಸೆಳೆತ ಒಂದು, ಕಿರಿಕಿರಿ ಇನ್ನೊಂದು ಎಂದು ಮೊದಲು ಅಂದುಕೊಂಡಿದ್ದೆ. ಈಗ ಹಾಗನ್ನಿಸುವುದಿಲ್ಲ. ಎರಡೂ ಹುಟ್ಟುವುದು ಒಂದೇ ಕಡೆಯಿಂದ. ಗೋಡೆ ತಡೆಯುತ್ತದೆ ಎಂದು ನಾವು ಕೇಳದೆಯೇ ಒಪ್ಪಿಕೊಂಡಿರುತ್ತೇವೆ. ಒಪ್ಪಿಕೊಂಡದ್ದು ಕಾಣದಿರುವ ತನಕ ಸಂಕಟ, ಕಂಡ ಗಳಿಗೆಯಲ್ಲಿ ನಗು.

ಕೊನೆಯದಾಗಿ, ಆ ಹಿರಿಯರ ಪ್ರಶ್ನೆಗೆ ಉತ್ತರ. ಮಕ್ಕಳ ಕೈಯಿಂದ ಬಿಡಿಸುವ ಉಪಾಯ ನನಗೆ ಗೊತ್ತಿಲ್ಲ. ಒಂದು ಭಾನುವಾರ ಇಂಥದೊಂದು ಆಟ ಹಾಕಿಸಿ ಅವರ ಪಕ್ಕದಲ್ಲಿ ಕುಳಿತು ನೋಡಿ. ಅವರಿಗಿಂತ ಮೊದಲೇ ನಿಮಗೆ ಉತ್ತರ ಹೊಳೆದರೆ, ದಯವಿಟ್ಟು ಹೇಳಿಬಿಡಬೇಡಿ. ನನಗೆ ಇನ್ನೂ ಹಲವು ಹಂತಗಳು ಬಾಕಿಯಿವೆ. ಅವುಗಳ ಉತ್ತರ ನೋಡಿಲ್ಲ, ನೋಡುವುದೂ ಇಲ್ಲ.