ನಮ್ಮೂರ ಬೌಲರ್ ಮತ್ತು ನಮ್ಮ ತಕರಾರು

(ಕರೂರು ಕೈಗಾರಿಕಾ ಪ್ರದೇಶದಲ್ಲಿ ಕಾರ್ಮಿಕ ಗೆಳೆಯರು ಸೇರಿದ್ದ ಸಭೆಯಲ್ಲಿ ನಮ್ಮ ವರದಿಗಾರರು ಮಾಡಿದ ಭಾಷಣದ ಬರಹ ರೂಪ)



ಆಟಗಾರರ ಬಗ್ಗೆ ಅಭಿಮಾನಿಗಳು ನಡೆಸುವ ವಾದವನ್ನು ಕುರಿತು ನಾಲ್ಕು ಮಾತು ಆಡಬೇಕೆಂದು ಕೇಳಿದ್ದೀರಿ. ದಾವಣಗೆರೆಯಲ್ಲಿ ಈ ವಿಷಯ ಎತ್ತಿದರೆ ಮಾತು ಆರ್. ವಿನಯ್ ಕುಮಾರ್ ಅವರ ಬಳಿಗೇ ಬಂದು ನಿಲ್ಲುತ್ತದೆ. ಮಂಡಕ್ಕಿ-ಮಿರ್ಚಿ ಅಂಗಡಿಯ ಮುಂದೆ ನಾಲ್ವರು ಸೇರಿದರೆ ಇಬ್ಬರು 'ನಮ್ಮ ಹುಡುಗ' ಎಂದು ಎದೆಯುಬ್ಬಿಸುತ್ತಾರೆ. ಇನ್ನಿಬ್ಬರು 'ಕೊನೇ ಓವರ್ ಅವನ ಕೈಗೆ ಕೊಟ್ಟರೆ ಮುಗೀತು' ಎಂದು ತಲೆಯಾಡಿಸುತ್ತಾರೆ.

ಗಮನಿಸಿ ನೋಡಿದರೆ ಈ ವಾದದಲ್ಲಿ ಎರಡು ಬೇರೆ ಬೇರೆ ಪ್ರಶ್ನೆಗಳು ಬೆರೆತಿವೆ. ಒಂದು, ಆತನ ಆಟ ಹೇಗಿತ್ತು? ಇನ್ನೊಂದು, ಆತನ ನಡವಳಿಕೆ ಹೇಗಿತ್ತು? ಮೊದಲನೆಯದಕ್ಕೆ ಸ್ಕೋರ್ ಪುಸ್ತಕದಲ್ಲಿ ಉತ್ತರ ಹುಡುಕಬಹುದು. ಎರಡನೆಯದಕ್ಕೆ ನಾವು ಟಿವಿಯಲ್ಲಿ ಕಂಡ ಮುಖವನ್ನೇ ಸಾಕ್ಷಿ ಮಾಡಿಕೊಳ್ಳುತ್ತೇವೆ. ಈ ಎರಡನ್ನೂ ಒಂದೇ ತಕ್ಕಡಿಯಲ್ಲಿ ಹಾಕಿದಾಗ ವಾದ ಜಗಳವಾಗುತ್ತದೆ.

ಮೊದಲು ಆಟದ ಲೆಕ್ಕ ನೋಡೋಣ. ವಿರೋಧಿಗಳ ಕೈಯಲ್ಲಿರುವ ದೊಡ್ಡ ಅಸ್ತ್ರ 2013ರ ನವೆಂಬರ್ 2. ಅಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಆಸ್ಟ್ರೇಲಿಯಾ ವಿರುದ್ಧ ಏಕದಿನ ಪಂದ್ಯ. ವಿನಯ್ 9 ಓವರ್‌ಗಳಲ್ಲಿ 102 ರನ್ ಕೊಟ್ಟು 1 ವಿಕೆಟ್ ಪಡೆದರು. ಏಕದಿನ ಪಂದ್ಯವೊಂದರಲ್ಲಿ ನೂರು ರನ್ ಕೊಟ್ಟ ಮೊದಲ ಭಾರತೀಯ ಬೌಲರ್ ಎಂಬ ಬೇಡದ ದಾಖಲೆ ತವರು ರಾಜ್ಯದ ಪ್ರೇಕ್ಷಕರ ಎದುರಿಗೇ ಅವರ ಹೆಸರಿಗೆ ಅಂಟಿಕೊಂಡಿತು. ಅದೇ ಅವರ ಕೊನೆಯ ಅಂತರರಾಷ್ಟ್ರೀಯ ಪಂದ್ಯವೂ ಆಯಿತು. ಅದಕ್ಕೂ ಮೊದಲು 2012ರ ಜನವರಿಯಲ್ಲಿ ಪರ್ತ್‌ನಲ್ಲಿ ಆಡಿದ ಏಕೈಕ ಟೆಸ್ಟ್‌ನಲ್ಲಿ 13 ಓವರ್‌ಗಳಿಗೆ 73 ರನ್ ತೆತ್ತು ಒಂದು ವಿಕೆಟ್ ಗಳಿಸಿದ್ದರು. ಇವು ಸುಳ್ಳಲ್ಲ. ಅಭಿಮಾನದ ಭರದಲ್ಲಿ ಇವನ್ನು ಮುಚ್ಚಿಡುವುದೂ ಸರಿಯಲ್ಲ.

ಆದರೆ ಅಂಕಿಯ ಜೊತೆಗೆ ಅದರ ಸಂದರ್ಭವನ್ನೂ ಓದಬೇಕು. ಆ ಪಂದ್ಯದಲ್ಲಿ ರೋಹಿತ್ ಶರ್ಮಾ ಒಬ್ಬರೇ 209 ರನ್ ಹೊಡೆದಿದ್ದರು, ಅದರಲ್ಲಿ 16 ಸಿಕ್ಸರ್. ಭಾರತದ 383ಕ್ಕೆ ಉತ್ತರವಾಗಿ ಆಸ್ಟ್ರೇಲಿಯಾ 326ರವರೆಗೂ ಬಂದಿತ್ತು. ಅದೇ ಸರಣಿಯ ಜೈಪುರ ಮತ್ತು ನಾಗಪುರ ಪಂದ್ಯಗಳಲ್ಲಿ 350 ದಾಟಿದ ಮೊತ್ತವನ್ನು ಭಾರತ ಬೆನ್ನಟ್ಟಿ ಗೆದ್ದಿತ್ತು. ಎರಡು ತುದಿಗಳಿಂದ ಎರಡು ಹೊಸ ಚೆಂಡು, ವೃತ್ತದ ಹೊರಗೆ ನಾಲ್ವರಿಗಿಂತ ಹೆಚ್ಚು ಫೀಲ್ಡರ್‌ಗಳು ಇರಬಾರದೆಂಬ ನಿಯಮ, ಮೇಲೆ ಚಿನ್ನಸ್ವಾಮಿಯ ಚಿಕ್ಕ ಬೌಂಡರಿ. ಗಂಟೆಗೆ 130 ಕಿ.ಮೀ. ಆಸುಪಾಸಿನ ವೇಗದ, ಸ್ವಿಂಗ್ ಮತ್ತು ನಿಖರತೆಯನ್ನೇ ನಂಬಿದ ಬೌಲರ್‌ಗೆ ಅಂಥ ದಿನ ತಪ್ಪಿಗೆ ಜಾಗವೇ ಇರುವುದಿಲ್ಲ. ಎರಡು ವರ್ಷಗಳ ನಂತರ ಮುಂಬೈಯಲ್ಲಿ ಭುವನೇಶ್ವರ್ ಕುಮಾರ್ 106 ರನ್ ಕೊಟ್ಟರು. ಆ ದಾಖಲೆಯನ್ನು ನಾವು ಎಷ್ಟು ಜನ ನೆನಪಿಟ್ಟುಕೊಂಡಿದ್ದೇವೆ?

ಲೆಕ್ಕದ ಇನ್ನೊಂದು ಪುಟ ಹೀಗಿದೆ. ಬೆಂಗಳೂರಿನ ಆ ಪಂದ್ಯ ಮುಗಿದ ಮೂರು ತಿಂಗಳಿಗೆ, 2014ರ ಫೆಬ್ರುವರಿಯಲ್ಲಿ, ಇದೇ ವಿನಯ್ ನಾಯಕತ್ವದಲ್ಲಿ ಕರ್ನಾಟಕ ತಂಡ ಹೈದರಾಬಾದಿನಲ್ಲಿ ಮಹಾರಾಷ್ಟ್ರವನ್ನು ಸೋಲಿಸಿ ರಣಜಿ ಟ್ರೋಫಿ ಎತ್ತಿತು. ರಾಜ್ಯ ಅದಕ್ಕಾಗಿ 15 ವರ್ಷ ಕಾದಿತ್ತು. ಮರುವರ್ಷ ಮತ್ತೆ ಗೆದ್ದಿತು. 2015ರ ಮಾರ್ಚ್‌ನಲ್ಲಿ ವಾಂಖೆಡೆಯಲ್ಲಿ ತಮಿಳುನಾಡು ವಿರುದ್ಧ ನಡೆದ ಫೈನಲ್‌ನಲ್ಲಿ ಜನ ನೆನಪಿಟ್ಟದ್ದು ಕರುಣ್ ನಾಯರ್ ಅವರ 328. ಆದರೆ ಅದೇ ಪಂದ್ಯದಲ್ಲಿ ನಾಯಕ ವಿನಯ್ ಮೊದಲ ಇನಿಂಗ್ಸ್‌ನಲ್ಲಿ 34 ರನ್ನಿಗೆ 5 ವಿಕೆಟ್ ಕಿತ್ತು, ಬ್ಯಾಟಿಂಗ್‌ನಲ್ಲಿ ಔಟಾಗದೆ 105 ಹೊಡೆದಿದ್ದರು. ಆ ಎರಡೂ ಋತುಗಳಲ್ಲಿ ರಣಜಿ, ಇರಾನಿ, ವಿಜಯ್ ಹಜಾರೆ ಮೂರೂ ಟ್ರೋಫಿಗಳು ಕರ್ನಾಟಕಕ್ಕೆ ಬಂದವು. 2017ರ ಡಿಸೆಂಬರ್‌ನಲ್ಲಿ ನಾಗಪುರದಲ್ಲಿ ಮುಂಬೈ ವಿರುದ್ಧದ ಕ್ವಾರ್ಟರ್ ಫೈನಲ್‌ನಲ್ಲಿ ಹ್ಯಾಟ್ರಿಕ್ ಸಹಿತ 6 ವಿಕೆಟ್. 2021ರ ಫೆಬ್ರುವರಿಯಲ್ಲಿ ನಿವೃತ್ತಿ ಹೇಳಿದಾಗ ಪ್ರಥಮ ದರ್ಜೆ ಪಂದ್ಯಗಳಲ್ಲಿ ಅವರ ಒಟ್ಟು ವಿಕೆಟ್ 504.

ಹಾಗಿದ್ದೂ ನಮ್ಮ ವಾದ 102ರ ಸುತ್ತಲೇ ಏಕೆ ಸುತ್ತುತ್ತದೆ? ಕಾರಣ ಸರಳ. ಏಕದಿನ ಪಂದ್ಯವನ್ನು, ಐಪಿಎಲ್ಲನ್ನು ದೇಶವೇ ಕೂತು ನೋಡುತ್ತದೆ. ರಣಜಿ ಪಂದ್ಯ ನಡೆಯುವುದು ಕೆಲಸದ ದಿನ, ಖಾಲಿ ಗ್ಯಾಲರಿಗಳ ನಡುವೆ. ಕಂಡದ್ದನ್ನು ಮಾತ್ರ ನಾವು ತೂಗುತ್ತೇವೆ. ಲೇತ್ ಮುಂದೆ ನಿಲ್ಲುವ ನಿಮಗೆ ಇದನ್ನು ವಿವರಿಸಬೇಕಾಗಿಲ್ಲ. ವರ್ಷವಿಡೀ ಅಳತೆ ತಪ್ಪದೆ ಕೊಟ್ಟ ಕೆಲಸ ಯಾರ ಕಣ್ಣಿಗೂ ಬೀಳುವುದಿಲ್ಲ. ಒಂದು ದಿನ ರಿಜೆಕ್ಟ್ ಆದ ಮಾಲು ಮಾತ್ರ ಮೇಜಿನ ಮೇಲೆ ಬಂದು ಕೂರುತ್ತದೆ.

ಇನ್ನು ನಡವಳಿಕೆಯ ಪ್ರಶ್ನೆ. ಇದು ಹೆಚ್ಚು ಸೂಕ್ಷ್ಮ. 2018ರ ಏಪ್ರಿಲ್ 10ರಂದು ಚೆನ್ನೈನಲ್ಲಿ ಕೋಲ್ಕತ್ತ ನೈಟ್ ರೈಡರ್ಸ್ ಪರ ವಿನಯ್ ಕೊನೆಯ ಓವರ್ ಎಸೆದರು. ಚೆನ್ನೈಗೆ 17 ರನ್ ಬೇಕಿತ್ತು. ಮೊದಲ ಎಸೆತವೇ ನೋ ಬಾಲ್, ಅದಕ್ಕೆ ಬ್ರಾವೊ ಸಿಕ್ಸರ್. ಕೊನೆಗೆ ಜಡೇಜ ಸಿಕ್ಸರ್ ಹೊಡೆದು ಒಂದು ಎಸೆತ ಉಳಿದಿರುವಂತೆಯೇ ಪಂದ್ಯ ಮುಗಿಸಿದರು. ಬೈಗುಳದ ಸುರಿಮಳೆಯಾಯಿತು. ಅದಕ್ಕೆ ವಿನಯ್ ಬಹಿರಂಗವಾಗಿ ಉತ್ತರ ಕೊಟ್ಟರು. ಇದು ಆಟವಷ್ಟೇ, ಸಮಾಧಾನವಿರಲಿ. ಬೆಂಗಳೂರು ಮತ್ತು ಮುಂಬೈ ವಿರುದ್ಧ ಕೊನೆಯ ಓವರ್‌ನಲ್ಲಿ ಕಡಿಮೆ ರನ್ ಕಾಪಾಡಿಕೊಟ್ಟಾಗ ಇವರೆಲ್ಲ ಎಲ್ಲಿದ್ದರು ಎಂಬುದು ಅವರ ಮಾತಿನ ತಾತ್ಪರ್ಯ.

ಇಲ್ಲಿ ಅಭಿಮಾನಿಗಳು ಎರಡಾದರು. ಸೋತ ಮೇಲೆ ಸುಮ್ಮನಿರಬೇಕಿತ್ತು, ಇದು ದುರಹಂಕಾರ ಎಂದರು ಕೆಲವರು. ಸಂಬಳ ಪಡೆದು ಆಡುವವನಾದರೂ ಆತನೂ ಮನುಷ್ಯನೇ ಎಂದರು ಉಳಿದವರು. ನನ್ನ ಅಭಿಪ್ರಾಯ ಇಷ್ಟು: ಅಂದು ಬೌಲಿಂಗ್ ಕೆಟ್ಟಿತ್ತು, ಉತ್ತರದಲ್ಲಿ ನ್ಯಾಯವಿತ್ತು. 2014ರಲ್ಲಿ ಶಾರ್ಜಾದಲ್ಲಿ ಬೆಂಗಳೂರು ತಂಡಕ್ಕೆ ಕೊನೆಯ ಓವರ್‌ನಲ್ಲಿ 9 ರನ್ ಬೇಕಿದ್ದಾಗ ತಡೆದವರು ಇದೇ ವಿನಯ್. ಆದರೆ ಆ ರಾತ್ರಿಯ ನೆನಪಾಗಿ ಉಳಿದದ್ದು ಡಿವಿಲಿಯರ್ಸ್ ಹೊಡೆತಕ್ಕೆ ಬೌಂಡರಿ ಗೆರೆಯ ಬಳಿ ಕ್ರಿಸ್ ಲಿನ್ ಹಿಡಿದ ಕ್ಯಾಚ್. ಬೌಲರ್ ಯಾರೆಂದು ಕೇಳಿದರೆ ಹಲವರು ತಡವರಿಸುತ್ತಾರೆ.

ನಡವಳಿಕೆಯ ತೀರ್ಪು ಎಷ್ಟು ಕಷ್ಟವೆಂಬುದಕ್ಕೆ ಹಳೆಯ ಎರಡು ಪ್ರಸಂಗಗಳನ್ನು ನೆನಪಿಸಿಕೊಳ್ಳಬಹುದು. 1984ರ ಡಿಸೆಂಬರ್‌ನ ದೆಹಲಿ ಟೆಸ್ಟ್‌ನಲ್ಲಿ ಬೇಜವಾಬ್ದಾರಿ ಹೊಡೆತಕ್ಕೆ ಔಟಾದರೆಂದು ಕಪಿಲ್ ದೇವ್ ಅವರನ್ನು ಮುಂದಿನ ಕಲ್ಕತ್ತ ಟೆಸ್ಟ್‌ನಿಂದ ಕೈಬಿಡಲಾಯಿತು. ಕಪಿಲ್ ಇಲ್ಲದಿದ್ದರೆ ಟೆಸ್ಟ್ ಬೇಡ ಎಂದು ಅಲ್ಲಿನ ಅಭಿಮಾನಿಗಳು ಸಿಡಿದೆದ್ದರು. ಆಯ್ಕೆಗಾರರಿಗೆ ಅಶಿಸ್ತಾಗಿ ಕಂಡದ್ದು ಜನರಿಗೆ ಧೈರ್ಯವಾಗಿ ಕಂಡಿತ್ತು. ಹದಿನಾರು ವರ್ಷಗಳ ಅವಧಿಯಲ್ಲಿ 131 ಟೆಸ್ಟ್ ಆಡಿದ ಕಪಿಲ್ ತಪ್ಪಿಸಿಕೊಂಡದ್ದು ಅದೊಂದೇ ಪಂದ್ಯ.

ಇನ್ನೊಂದು ನಮ್ಮವರದೇ. 1980ರ ಫೆಬ್ರುವರಿಯಲ್ಲಿ ಬೊಂಬಾಯಿಯ ಸುವರ್ಣ ಮಹೋತ್ಸವ ಟೆಸ್ಟ್‌ನಲ್ಲಿ ನಾಯಕರಾಗಿದ್ದವರು ಭದ್ರಾವತಿಯ ಜಿ.ಆರ್. ವಿಶ್ವನಾಥ್. ಅಂಪೈರ್ ಔಟ್ ಕೊಟ್ಟಿದ್ದ ಇಂಗ್ಲೆಂಡಿನ ಬಾಬ್ ಟೇಲರ್ ಅವರನ್ನು ವಿಶ್ವನಾಥ್ ವಾಪಸು ಕರೆದರು. ಟೇಲರ್ ಮತ್ತು ಬಾಥಮ್ ಸೇರಿ 171 ರನ್ ಕೂಡಿಸಿದರು, ಭಾರತ ಹತ್ತು ವಿಕೆಟ್‌ಗಳಿಂದ ಸೋತಿತು. ಸಜ್ಜನಿಕೆಯೇ, ನಾಯಕನ ಮೃದುತ್ವವೇ? ಅದೇ ಒಂದು ನಡೆಯನ್ನು ಎರಡು ಹೆಸರಿನಿಂದಲೂ ಕರೆಯಬಹುದು. ವಿಶ್ವನಾಥ್ ಕರೆದರು, ಅದು ನಿಜ. ಅದಕ್ಕೆ ಕೊಟ್ಟ ಹೆಸರು ನಮ್ಮದು.

ವಿನಯ್ ವಿಷಯದಲ್ಲಿ ನಮಗೆ ಮತ್ತೊಂದು ತೊಡಕಿದೆ. ಅವರು ನಮ್ಮೂರಿನವರು. ಗದಗಿನ ಸುನಿಲ್ ಜೋಶಿ, ಮೈಸೂರಿನ ಜಾವಗಲ್ ಶ್ರೀನಾಥ್ ಅವರಂತೆ ಬೆಂಗಳೂರಿನ ಹೊರಗಿನಿಂದ ಹೋಗಿ ಭಾರತದ ಟೋಪಿ ತೊಟ್ಟವರು ಹೆಚ್ಚು ಜನರಿಲ್ಲ. ಆಟೊ ಚಾಲಕರೊಬ್ಬರ ಮಗ ದಾವಣಗೆರೆಯಿಂದ ಹೊರಟು 'ದಾವಣಗೆರೆ ಎಕ್ಸ್‌ಪ್ರೆಸ್' ಎನಿಸಿಕೊಂಡಾಗ ಊರಿನ ಹೆಸರೂ ಆತನ ಬೆನ್ನ ಮೇಲೆ ಕೂತಿತು. ಆತ ಸಿಕ್ಸರ್ ಹೊಡೆಸಿಕೊಂಡಾಗ ನಮಗೇ ಅವಮಾನವಾದಂತೆ ಅನಿಸಿತು. ನಮ್ಮವರೇ ಹೆಚ್ಚು ಕಟುವಾಗಿ ಬೈದದ್ದಕ್ಕೆ ಇದೂ ಒಂದು ಕಾರಣವಿರಬಹುದು. 2019ರಲ್ಲಿ ಅವರು ಕರ್ನಾಟಕ ಬಿಟ್ಟು ಪುದುಚೇರಿಗೆ ಹೋದಾಗಲೂ ಆಟಗಾರನೊಬ್ಬನ ವೃತ್ತಿ ನಿರ್ಧಾರವನ್ನು ನಿಷ್ಠೆಯ ಪ್ರಶ್ನೆಯಾಗಿ ನೋಡಿದವರುಂಟು.

ಹಾಗೆಂದು ಟೀಕೆ ಬೇಡವೆಂದು ನಾನು ಹೇಳುತ್ತಿಲ್ಲ. ದುಡ್ಡು ಕೊಟ್ಟು, ಶಿಫ್ಟ್ ಬದಲಿಸಿಕೊಂಡು ಪಂದ್ಯ ನೋಡುವವನಿಗೆ ಪ್ರಶ್ನಿಸುವ ಹಕ್ಕಿದೆ. ನೋ ಬಾಲ್ ಹಾಕಿದರೆ ನೋ ಬಾಲ್ ಎನ್ನಿ. ಆದರೆ ಒಂದು ನೋ ಬಾಲ್‌ನಿಂದ ಆತನ ಗುಣವನ್ನು ಅಳೆಯಬೇಡಿ. ಹಾಗೆಯೇ 504 ವಿಕೆಟ್ ತೋರಿಸಿ ಆ ನೋ ಬಾಲನ್ನು ಅಳಿಸಲೂ ಬೇಡಿ.

ಇಂದು ನಮ್ಮ ಹೈಸ್ಕೂಲ್ ಮೈದಾನದಲ್ಲಿ ಟೆನಿಸ್ ಚೆಂಡು ಹಿಡಿದು ಓಡುತ್ತಿರುವ ಹುಡುಗರು ಈ ವಾದಗಳನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದಾರೆ. ಕೊನೆಯ ಓವರ್ ಹಾಕಲು ಕೈ ಎತ್ತಿ ಮುಂದೆ ಬರುವವನಿಗೇ ಸಿಕ್ಸರ್ ಬೀಳುವುದು, ಚೆಂಡು ಕೇಳದವನಿಗೆ ಬೀಳುವುದಿಲ್ಲ. ನಾಳೆ ಅವರಲ್ಲೊಬ್ಬ ನಾಯಕನ ಬಳಿ ಹೋಗಿ ಚೆಂಡು ಕೇಳುತ್ತಾನೋ, ಬೌಂಡರಿ ಗೆರೆಯ ಬಳಿ ಮುಖ ಮರೆಸಿಕೊಂಡು ನಿಲ್ಲುತ್ತಾನೋ ಎಂಬುದರಲ್ಲಿ ನಮ್ಮ ಮಾತಿನ ಪಾಲೂ ಇದೆ.