ಮರದೊಳಗಿನ ಚಿತ್ತಾರ ಮತ್ತು ನಮ್ಮ ಬೀಟೆ

(ವಿದ್ಯಾರ್ಥಿ ಶಿಬಿರದಲ್ಲಿ ಮಾಡಿದ ಉಪನ್ಯಾಸದ ಬರಹರೂಪ)



ಈ ಮೇಜಿನ ಮೇಲೆ ಮರದ ಎರಡು ಚೂರುಗಳಿವೆ. ಒಂದು ನಮ್ಮ ಬೀಟೆ. ಇನ್ನೊಂದು ಯುರೋಪಿನ ಮೇಪಲ್. ಪಿಟೀಲು ದುರಸ್ತಿ ಮಾಡುವ ಗೆಳೆಯರೊಬ್ಬರು ಕೊಟ್ಟದ್ದು.

ಪಿಟೀಲಿನ ಮುಂಭಾಗಕ್ಕೆ ಸ್ಪ್ರೂಸ್, ಬೆನ್ನಿಗೆ ಮೇಪಲ್: ಇದು ಇಟಲಿಯ ಕ್ರೆಮೋನಾದ ಕುಶಲಿಗಳ ಕಾಲದಿಂದ ನಡೆದುಬಂದ ಪದ್ಧತಿ. ಒಳ್ಳೆಯ ಪಿಟೀಲಿನ ಬೆನ್ನನ್ನು ಬೆಳಕಿನಲ್ಲಿ ಹೊರಳಿಸಿದರೆ ಅಡ್ಡಪಟ್ಟೆಗಳು ಅಲೆಯಂತೆ ಸರಿಯುತ್ತವೆ. ಹೊಳೆಯುತ್ತಿದ್ದ ಪಟ್ಟೆ ಮಂಕಾಗುತ್ತದೆ, ಮಂಕಾಗಿದ್ದದ್ದು ಹೊಳೆಯುತ್ತದೆ. ಅದು ಬಳಿದ ಬಣ್ಣವಲ್ಲ. ಮರದ ನಾರು ನೆಟ್ಟಗೆ ಬೆಳೆಯದೆ ಅಲೆಅಲೆಯಾಗಿ ಬೆಳೆದಿರುತ್ತದೆ. ಕೊಯ್ದ ಮೈಯಲ್ಲಿ ಕೆಲವೆಡೆ ನಾರಿನ ಮಗ್ಗುಲು ಕಾಣುತ್ತದೆ, ಕೆಲವೆಡೆ ತುದಿ. ಮಗ್ಗುಲು ಬೆಳಕನ್ನು ಹಿಂದಿರುಗಿಸುತ್ತದೆ, ತುದಿ ಹೀರಿಕೊಳ್ಳುತ್ತದೆ. ಬಡಗಿಗೆ ಮಾತ್ರ ಇಂಥ ಮರ ತಲೆನೋವು. ಕೀಸುಳಿ ತಾಗಿದರೆ ಸಿಬಿರು ಕಿತ್ತುಬರುತ್ತದೆ.

ಬೀಟೆಯ ಚೆಲುವು ಬೇರೆ ಬಗೆಯದು. ಅದರ ಕೆಚ್ಚು ನೇರಳೆಗಂದು, ನಡುವೆ ಕಪ್ಪು ಗೆರೆಗಳು. ಗಿಟಾರ್ ಮಾಡುವವನು ಹಲಗೆಯನ್ನು ನಡುವೆ ಸೀಳಿ ಪುಸ್ತಕದಂತೆ ಬಿಡಿಸುತ್ತಾನೆ. ಎಡದ ಗೆರೆಗೆ ಬಲದ ಗೆರೆ ಕನ್ನಡಿಯ ಬಿಂಬವಾಗುತ್ತದೆ. ಹಿಂದೆ ಈ ಸ್ಥಾನ ಬ್ರೆಜಿಲ್‌ನ ಬೀಟೆಗಿತ್ತು. 1960ರ ದಶಕದ ಕೊನೆಯಲ್ಲಿ ಆ ದೇಶ ದಿಮ್ಮಿಗಳ ರಫ್ತಿಗೆ ತಡೆಯೊಡ್ಡಿತು. ಅಮೆರಿಕದ ಮಾರ್ಟಿನ್ ಕಂಪನಿ 1969ರಲ್ಲಿ ಭಾರತದ ಬೀಟೆಗೆ ಹೊರಳಿತು. ಅಲ್ಲಿನ ಕಾಡು ಬರಿದಾದಾಗ ಕೊಡಲಿ ನಮ್ಮ ಸಹ್ಯಾದ್ರಿಯತ್ತ ತಿರುಗಿತೆಂದು ಬೇರೆ ಹೇಳಬೇಕೆ?

ಈ ಸೊಬಗಿನಿಂದ ನಾದಕ್ಕೆಷ್ಟು ಲಾಭ? ಇಂಗ್ಲೆಂಡಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಬೆನ್ನು ಮತ್ತು ಪಕ್ಕೆಯ ಮರವೊಂದನ್ನುಳಿದು ಎಲ್ಲವೂ ಒಂದೇ ರೀತಿಯಿರುವ ಆರು ಗಿಟಾರುಗಳನ್ನು ಮಾಡಿಸಿ, ಮಂದ ಬೆಳಕಿನಲ್ಲಿ, ಕಪ್ಪು ಕನ್ನಡಕ ತೊಡಿಸಿ 52 ವಾದಕರಿಂದ ನುಡಿಸಿದರು. ಬ್ರೆಜಿಲ್ ಬೀಟೆ, ಭಾರತದ ಬೀಟೆ, ಮೇಪಲ್, ಅಗ್ಗದ ಸಪೇಲೆ ಎಲ್ಲಕ್ಕೂ ಬಂದ ಅಂಕಗಳು ಬಹುಮಟ್ಟಿಗೆ ಸಮಾನ. ಬೆನ್ನಿನ ಚಿತ್ತಾರ ಮುಖ್ಯವಾಗಿ ಕಣ್ಣಿಗೆ. ಹಾಗೆಂದು ಅದನ್ನು ಹಗುರವಾಗಿ ಕಾಣಲು ನನಗೆ ಮನಸ್ಸಿಲ್ಲ. ಕಣ್ಣಿನ ಸಂತೋಷವೂ ಸಂತೋಷವೇ. ಆದರೆ ನಾದದ ಹೆಸರಿನಲ್ಲಿ ಅದರ ಬೆಲೆ ಕಟ್ಟುವುದು ಸರಿಯಲ್ಲ.

ವಾದ್ಯ ತಯಾರಕರನ್ನಷ್ಟೇ ದೂರುವುದೂ ನ್ಯಾಯವಲ್ಲ. ಗಿಟಾರಿನ ಬೆನ್ನು ಎರಡು-ಮೂರು ಮಿಲಿಮೀಟರ್ ದಪ್ಪದ ಹಲಗೆ. ಬೀಟೆ ಜಾತಿಯ ಮರಗಳನ್ನು ಅತಿಯಾಗಿ ನುಂಗಿದ್ದು ಪೀಠೋಪಕರಣಗಳ ವ್ಯಾಪಾರ. ಆ ಕಾರಣದಿಂದಲೇ ಸೈಟಿಸ್ ಒಪ್ಪಂದವು 2017ರ ಜನವರಿಯಿಂದ ಇಡೀ ಡಾಲ್ಬರ್ಜಿಯಾ ಕುಲವನ್ನು ನಿಯಂತ್ರಣಕ್ಕೆ ತಂದಿತು. 2019ರಲ್ಲಿ ಸಿದ್ಧವಾದ್ಯಗಳಿಗೆ ವಿನಾಯಿತಿ ಸಿಕ್ಕಿತು.

ನಮ್ಮ ವೀಣೆಯನ್ನು ನೋಡಿ. ತಂಜಾವೂರಿನವರು ಹಲಸನ್ನು ನೆಚ್ಚಿದರು. ಕೊಡ, ದಂಡಿ ಎಲ್ಲವನ್ನೂ ಒಂದೇ ದಿಮ್ಮಿಯಲ್ಲಿ ಕಡೆದದ್ದು ಏಕಾಂಡ ವೀಣೆ. ಹಲಸಿನ ಹಳದಿ ಕೆಚ್ಚು ವರ್ಷಗಳುರುಳಿದಂತೆ ಜೇನುಗಂದಾಗುತ್ತದೆ. ಮನೆಯ ಹಿತ್ತಿಲಲ್ಲಿ ಹಣ್ಣು ಕೊಟ್ಟು ಮುಗಿದ ಮರವೇ ಮುಂದೆ ನಾದ ಕೊಡಬಲ್ಲದು.

ಬೀಟೆಗೆ ಆ ಭಾಗ್ಯವಿಲ್ಲ. ಕಾಫಿ ತೋಟದ ನೆರಳಿಗೆ ಅದು ಉತ್ತಮ ಮರ. ಆದರೂ ನಾಳೆ ಕಡಿಯಲು ಅನುಮತಿಗಾಗಿ ಅಲೆಯಬೇಕಾದೀತೆಂದು ಸಸಿಯನ್ನು ಎಳೆಯದರಲ್ಲೇ ಕಿತ್ತೆಸೆದು ಸಿಲ್ವರ್ ಓಕ್ ನೆಟ್ಟವರನ್ನು ನಾನು ಬಲ್ಲೆ. ಅವರನ್ನು ಬೈಯಲು ಬಾಯಿ ಬರುವುದಿಲ್ಲ. ಬೆಳೆಸಿದವನಿಗೆ ಭರವಸೆ ಕೊಡದ ಕಾನೂನು ಮರವನ್ನು ಕಾಯಲಾರದು. ಬೀಟೆಯಾದರೋ ಕಡಿದ ಮೇಲೂ ಬೇರಿನಿಂದ ಚಿಗುರುತ್ತದೆ. ನಿಮ್ಮ ತೋಟದಂಚಿನಲ್ಲಿ ಅಂಥ ಚಿಗುರಿದ್ದರೆ ಈ ಮಳೆಗಾಲದಲ್ಲಿ ಕತ್ತಿ ತಾಗಿಸದೆ ಬಿಡಿ ಎಂಬುದು ನನ್ನ ಬೇಡಿಕೆ.

ಇನ್ನು ಒಬ್ಬೊಬ್ಬರಾಗಿ ಬನ್ನಿ. ಚೂರುಗಳಿಗೆ ಕೊಂಚ ನೀರು ಸವರಿ, ಕಿಟಕಿಯ ಬೆಳಕಿಗೆ ಹಿಡಿದು, ನಿಧಾನವಾಗಿ ಹೊರಳಿಸಿ ನೋಡಿ.